ದೋಷವೇ ಗುಣವಾದಾಗ: ಎರಕದ ಕಬ್ಬಿಣ ಮತ್ತು ಟೈಟೇನಿಯಂ

ಲೋಹಗಳ ಗುಣಪಟ್ಟಿಯೊಂದನ್ನೇ ಮುಂದಿಟ್ಟುಕೊಂಡು ಕೂತರೆ ಟೈಟೇನಿಯಂಗೂ ಎರಕದ ಕಬ್ಬಿಣಕ್ಕೂ ನಡುವಿನ ಸ್ಪರ್ಧೆ ಶುರುವಾಗುವ ಮೊದಲೇ ಮುಗಿದುಹೋಗುತ್ತದೆ. ವಿಮಾನ ಉದ್ಯಮ ಅತಿ ಹೆಚ್ಚು ಬಳಸುವ ಟೈಟೇನಿಯಂ ಮಿಶ್ರಲೋಹದಲ್ಲಿ ನೂರಕ್ಕೆ ಆರು ಪಾಲು ಅಲ್ಯೂಮಿನಿಯಂ, ನಾಲ್ಕು ಪಾಲು ವನೇಡಿಯಂ ಬೆರೆತಿರುತ್ತವೆ. ಕಾರ್ಖಾನೆಯವರ ಬಾಯಲ್ಲಿ ಅದು ‘ಸಿಕ್ಸ್ ಫೋರ್’. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 4.43 ಗ್ರಾಂ, ಎಳೆತವನ್ನು ತಡೆಯುವ ಬಲ ಸುಮಾರು 900 ಮೆಗಾಪ್ಯಾಸ್ಕಲ್. ನಮ್ಮ ಫೌಂಡ್ರಿಗಳು ದಿನವೂ ಎರೆಯುವ ಬೂದು ಎರಕದ ಕಬ್ಬಿಣದಲ್ಲಿ ಒಂದು ಸಾಧಾರಣ ದರ್ಜೆಯನ್ನು, ಭಾರತೀಯ ಮಾನಕದ ಎಫ್‌ಜಿ 260 ಅನ್ನು, ತೆಗೆದುಕೊಳ್ಳಬಹುದು. ಅದು ತೂಗುವುದು 7.2 ಗ್ರಾಂ, ತಡೆಯುವುದು 260 ಮೆಗಾಪ್ಯಾಸ್ಕಲ್. ತೂಕಕ್ಕೆ ತಕ್ಕ ಬಲದ ಲೆಕ್ಕ ಹಾಕಿದರೆ ಟೈಟೇನಿಯಂ ಐದೂವರೆ ಪಟ್ಟು ಮುಂದೆ. ತುಕ್ಕಿನ ವಿಷಯಕ್ಕೆ ಬಂದರೆ ಹೋಲಿಸುವುದೇ ಬೇಡ: ಸಮುದ್ರದ ನೀರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಟೈಟೇನಿಯಂಗೆ ಏನೂ ಆಗದು.

ಆದರೂ ಜಗತ್ತಿನ ಫೌಂಡ್ರಿಗಳು ವರ್ಷವೊಂದಕ್ಕೆ ನಾಲ್ಕು ಕೋಟಿ ಟನ್‌ಗೂ ಹೆಚ್ಚು ಬೂದು ಕಬ್ಬಿಣವನ್ನು ಎರೆಯುತ್ತವೆ. ಟೈಟೇನಿಯಂ ಲೋಹದ ಉತ್ಪಾದನೆ ಕೆಲವು ಲಕ್ಷ ಟನ್‌ಗಳ ಆಚೆ ಹೋಗಿಲ್ಲ.

ಬೆಲೆ ಹೆಚ್ಚು, ಅದಕ್ಕೇ ಹೀಗೆ ಎಂದು ಹೇಳಿ ಕೈತೊಳೆದುಕೊಳ್ಳುವವರೇ ಬಹಳ. ಆ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ನಾಳೆ ಎರಡೂ ಲೋಹಗಳ ಬೆಲೆ ಒಂದೇ ಆದರೂ ಲೇಥಿನ ತಳ ಎರಕದ ಕಬ್ಬಿಣದ್ದೇ ಆಗಿರುತ್ತದೆ, ಕಾರಿನ ಬ್ರೇಕ್ ಡಿಸ್ಕೂ ಅದರದ್ದೇ ಆಗಿರುತ್ತದೆ. ಗುಣಪಟ್ಟಿಯಲ್ಲಿ ಬಲ, ಗಡಸುತನ, ಶಾಖವಾಹಕತೆ, ಕಂಪನ ಹೀರುವ ಶಕ್ತಿ ಎಲ್ಲವೂ ಬೇರೆಬೇರೆ ಅಂಕಣಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ಕೂತಿರುತ್ತವೆ. ವಾಸ್ತವದಲ್ಲಿ ಅವೆಲ್ಲ ಒಂದೇ ಬೇರಿನಿಂದ ಹೊರಟವು. ಎರಕದ ಕಬ್ಬಿಣದ ಎಲ್ಲ ಅವಗುಣಕ್ಕೂ ಎಲ್ಲ ಸದ್ಗುಣಕ್ಕೂ ಕಾರಣ ಅದರೊಳಗಿನ ಗ್ರಾಫೈಟ್ ಚೂರು. ಟೈಟೇನಿಯಂ ವಿಷಯದಲ್ಲಿ ಆ ಕಾರಣ ಆಮ್ಲಜನಕದ ಮೇಲಿನ ಅದರ ಅತಿಯಾಸೆ. ಈ ಉಪನ್ಯಾಸದ ವಾದ ಇಷ್ಟೇ: ಈ ಲೋಹಗಳಲ್ಲಿ ದೋಷವನ್ನು ಕಿತ್ತು ಗುಣವನ್ನು ಮಾತ್ರ ಉಳಿಸಿಕೊಳ್ಳಲು ಬರುವುದಿಲ್ಲ.

ಮೊದಲು ಕಬ್ಬಿಣ. ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕೆ ನೂರಕ್ಕೆ ನಾಲ್ಕರ ಆಸುಪಾಸಿನಷ್ಟು ಇಂಗಾಲ ಸೇರಿದರೆ 1150ರ ಹೊತ್ತಿಗೇ ನೀರಾಗುತ್ತದೆ. ಸುಮಾರು 400 ಡಿಗ್ರಿಯ ಈ ಇಳಿತವೇ ಒಂದು ಇಡೀ ಉದ್ಯಮವನ್ನು ಹುಟ್ಟಿಸಿತು. ಕರಗಿದ ಬೀಡು ಮರಳಿನ ಅಚ್ಚಿನ ಸಂದುಗೊಂದಿಗಳಿಗೆಲ್ಲ ಸಲೀಸಾಗಿ ಹರಿಯುತ್ತದೆ. ತಣಿಯುವಾಗ ಇಂಗಾಲ ಬೇರ್ಪಟ್ಟು ಗ್ರಾಫೈಟ್ ಆಗುತ್ತದೆ. ಗ್ರಾಫೈಟ್ ಹೆಚ್ಚು ಜಾಗ ಬೇಡುವುದರಿಂದ ಲೋಹ ಕುಗ್ಗುವುದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಎರಕ ಅಚ್ಚಿನ ಆಕಾರವನ್ನು ಚೆನ್ನಾಗಿ ಹಿಡಿಯುವುದು ಹಾಗಾಗಿ. ಹೊಲಿಗೆ ಯಂತ್ರದ ಕಾಲು, ಮ್ಯಾನ್‌ಹೋಲಿನ ಮುಚ್ಚಳ, ಕರಾವಳಿಯ ಅಡುಗೆಮನೆಯ ಬೀಡಿನ ಕಾವಲಿ ಎಲ್ಲ ಈ ಸೌಕರ್ಯದ ಫಲ.

ಆ ಗ್ರಾಫೈಟ್ ಹೇಗಿರುತ್ತದೆ ಎಂಬುದೇ ಮುಖ್ಯ ಸಂಗತಿ. ಬೂದು ಕಬ್ಬಿಣದ ತುಂಡೊಂದನ್ನು ನುಣ್ಣಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬಿಳಿಯ ಹಿನ್ನೆಲೆಯಲ್ಲಿ ಬಾಗಿದ ಕಪ್ಪು ಗೆರೆಗಳು ಎಲ್ಲೆಂದರಲ್ಲಿ ಚೆದುರಿರುವುದು ಕಾಣುತ್ತದೆ. ನಿಜಕ್ಕೂ ಅವು ಗೆರೆಗಳಲ್ಲ, ತೆಳುವಾದ ಹಾಳೆಗಳು. ಅಡ್ಡಕ್ಕೆ ಕತ್ತರಿಸಿದ್ದರಿಂದ ಗೆರೆಯಂತೆ ಕಾಣುತ್ತವೆ. ಗ್ರಾಫೈಟ್‌ಗೆ ಬಲವೆಂಬುದು ಇಲ್ಲವೇ ಇಲ್ಲ ಎನ್ನಬಹುದು, ಪೆನ್ಸಿಲ್ಲಿನ ಮೊನೆಯೂ ಅದೇ ವಸ್ತು. ಹೀಗಾಗಿ ಲೋಹದ ಮಟ್ಟಿಗೆ ಪ್ರತಿ ಹಾಳೆಯೂ ಒಂದು ಬಿರುಕು. ಎರಕದ ಕಬ್ಬಿಣವೆಂದರೆ ಹುಟ್ಟುವಾಗಲೇ ಲಕ್ಷಾಂತರ ಬಿರುಕುಗಳನ್ನು ಹೊತ್ತು ಬಂದ ಲೋಹ. ಅಂಚಿನಲ್ಲಿ ಕತ್ತರಿ ಹಾಕಿದ ಬಟ್ಟೆ ಎಳೆದೊಡನೆ ಪರ್‍ರೆಂದು ಹರಿಯುವ ಹಾಗೆ, ಎಳೆತ ಬಿದ್ದರೆ ಬಿರುಕಿನ ತುದಿಯಲ್ಲೇ ಇದು ಬಾಯಿಬಿಡುತ್ತದೆ. ಅದುಮಿದರೆ ಮಾತ್ರ ಬಿರುಕುಗಳ ಬಾಯಿ ಮುಚ್ಚಿಕೊಳ್ಳುತ್ತದೆ. ಅದುಮುವ ಬಲವನ್ನು ಇದು ಎಳೆತದ ಬಲಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚು ತಡೆಯುತ್ತದೆ.

ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್ ಬಳಿ ಸೆವರ್ನ್ ನದಿಗೆ 1779ರಲ್ಲಿ ಮೂರನೆಯ ಅಬ್ರಹಾಂ ಡಾರ್ಬಿ ನಿಲ್ಲಿಸಿದ ಕಬ್ಬಿಣದ ಸೇತುವೆ ಇಂದಿಗೂ ನಿಂತಿದೆ. ಮೂವತ್ತು ಮೀಟರಿನ ಆ ಒಂದೇ ಕಮಾನಿಗೆ ಸುಮಾರು 378 ಟನ್ ಎರಕ ಹಿಡಿಯಿತು. ಕಬ್ಬಿಣದಲ್ಲಿ ಅಷ್ಟು ದೊಡ್ಡ ಸೇತುವೆ ಕಟ್ಟಿದ ಅನುಭವ ಆಗ ಯಾರಿಗೂ ಇರಲಿಲ್ಲ. ತುಂಡುಗಳನ್ನು ಬಡಗಿಗಳು ಮರಕ್ಕೆ ಹಾಕುವ ಹಾಗೆ ತೂತು-ಕೂರುಗಳಿಂದ, ಬೆಣೆಗಳಿಂದಲೇ ಜೋಡಿಸಿದರು. ಸೇತುವೆ ಉಳಿದದ್ದು ಈ ಜೋಡಣೆಯ ಪುಣ್ಯದಿಂದಲ್ಲ. ಕಮಾನಿನಲ್ಲಿ ಭಾರವೆಲ್ಲ ಅದುಮುವ ಬಲವಾಗಿ ದಡಕ್ಕೆ ಇಳಿಯುತ್ತದೆ. ಕಬ್ಬಿಣದೊಳಗಿನ ಬಿರುಕುಗಳಿಗೆ ಬಾಯಿ ತೆರೆಯುವ ಸಂದರ್ಭವೇ ಅಲ್ಲಿ ಬರಲಿಲ್ಲ.

ಅರವತ್ತೆಂಟು ವರ್ಷಗಳ ನಂತರ ಇದೇ ಲೋಹವನ್ನು ಅಡ್ಡತೊಲೆಯಾಗಿ ಬಳಸಿದಾಗ ಏನಾಯಿತು ಎಂಬುದು ಎಂಜಿನಿಯರಿಂಗ್ ಚರಿತ್ರೆಯ ಕಹಿ ಪಾಠ. ಚೆಸ್ಟರ್ ಊರಿನ ಹತ್ತಿರ ಡೀ ನದಿಯ ಮೇಲೆ ರಾಬರ್ಟ್ ಸ್ಟೀಫನ್‌ಸನ್ ರೂಪಿಸಿದ ರೈಲು ಸೇತುವೆಯ ತೊಲೆಗಳು ಎರಕದ ಕಬ್ಬಿಣದವು. ಒಂದೊಂದೂ ಮೂರು ತುಂಡುಗಳನ್ನು ಬೋಲ್ಟ್ ಹಾಕಿ ಕೂಡಿಸಿದ್ದು. ತೊಲೆಯ ಮೇಲೆ ಭಾರ ಬಿದ್ದರೆ ಮೇಲಂಚು ಅದುಮಿಕೊಳ್ಳುತ್ತದೆ, ಕೆಳಅಂಚು ಎಳೆತಕ್ಕೆ ಸಿಕ್ಕುತ್ತದೆ. ಆಸರೆಗೆಂದು ಮೆದುಕಬ್ಬಿಣದ ಕಂಬಿಗಳನ್ನು ಬಿಗಿದಿದ್ದರೂ ಅವು ನೆರವಿಗೆ ಬರಲಿಲ್ಲ. 1847ರ ಮೇ 24ರಂದು, ಎಂಜಿನ್ನಿನ ಕೆಂಡ ತಾಗಿ ಮರದ ಹಾಸಿಗೆ ಬೆಂಕಿ ಹಿಡಿಯಬಾರದೆಂದು ಹಳಿಯ ಕೆಳಗೆ ಜಲ್ಲಿ ಹಾಸಲಾಯಿತು. ಅದರ ಭಾರವೂ ಸೇರಿತು. ಅದೇ ಸಂಜೆ ಹಾದುಹೋದ ಪ್ರಯಾಣಿಕರ ರೈಲಿನಡಿ ತೊಲೆಯೊಂದು ತುಂಡಾಯಿತು. ಎಂಜಿನ್ ಹೇಗೋ ದಡ ಸೇರಿತು, ಡಬ್ಬಿಗಳು ನದಿಗೆ ಬಿದ್ದವು, ಐದು ಮಂದಿ ಸತ್ತರು. ರೈಲ್ವೆ ಕಟ್ಟಡಗಳಲ್ಲಿ ಕಬ್ಬಿಣ ಬಳಸುವ ಬಗೆಯನ್ನು ಪರಿಶೀಲಿಸಲು ಬ್ರಿಟನ್ ಅದೇ ವರ್ಷ ಒಂದು ರಾಯಲ್ ಆಯೋಗವನ್ನೇ ನೇಮಿಸಬೇಕಾಯಿತು.

ಹಾಗಿದ್ದರೆ ಈ ಬಿರುಕುಗಳನ್ನು ಇಲ್ಲವಾಗಿಸಬಾರದೇಕೆ? ಆ ಕೆಲಸವೂ ನಡೆದಿದೆ. ಎರಡನೆಯ ಮಹಾಯುದ್ಧದ ಕಾಲ, ಕ್ರೋಮಿಯಂಗೆ ಬರ. 1943ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ನಿಕಲ್ ಕಂಪನಿಯ ಪ್ರಯೋಗಾಲಯದಲ್ಲಿ ಕೀತ್ ಮಿಲ್ಲಿಸ್ ಕ್ರೋಮಿಯಂಗೆ ಬದಲಿಯನ್ನು ಹುಡುಕುತ್ತ ಕರಗಿದ ಕಬ್ಬಿಣಕ್ಕೆ ಒಂದಿಷ್ಟು ಮೆಗ್ನೀಸಿಯಂ ಸೇರಿಸಿದರು. ಗ್ರಾಫೈಟ್ ಹಾಳೆಯಾಗುವ ಬದಲು ಗುಂಡುಗುಂಡಾಗಿ ಬಂತು. ನಮ್ಮ ಫೌಂಡ್ರಿಗಳಲ್ಲಿ ಎಸ್‌ಜಿ ಐರನ್ ಎಂದು ಕರೆಯುವುದು ಇದನ್ನೇ. ಇಂಗಾಲದ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ, ಆಕಾರ ಮಾತ್ರ ಬೇರೆ. ದುಂಡಗಿನ ಗ್ರಾಫೈಟ್‌ಗೆ ಚೂಪು ತುದಿಯಿಲ್ಲ, ಬಿರುಕು ಹೊರಡಲು ಜಾಗವಿಲ್ಲ. ಎಸ್‌ಜಿ 400/18 ದರ್ಜೆಯ ಸರಳು ಮುರಿಯುವ ಮೊದಲು ತನ್ನ ಉದ್ದದ ನೂರಕ್ಕೆ ಹದಿನೆಂಟರಷ್ಟು ಹಿಗ್ಗುತ್ತದೆ. ಬೂದು ಕಬ್ಬಿಣ ಒಂದರಷ್ಟೂ ಹಿಗ್ಗದು.

ಇಲ್ಲಿಗೆ ಬೂದು ಕಬ್ಬಿಣದ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ಬಿರುಕಿನೊಂದಿಗೆ ಗುಣಗಳೂ ಹೊರಟುಹೋದವು. ಫೌಂಡ್ರಿಯ ಹಳಬರು ಎರಕವನ್ನು ತೂಗುಹಾಕಿ ಸುತ್ತಿಗೆಯಿಂದ ಒಂದು ಏಟು ಹಾಕುತ್ತಾರೆ. ಎಸ್‌ಜಿ ಆಗಿದ್ದರೆ ಗಂಟೆಯಂತೆ ಠಣ್ಣೆನ್ನುತ್ತದೆ, ಬೂದು ಕಬ್ಬಿಣವಾಗಿದ್ದರೆ ದಬ್ ಎಂದು ಅಲ್ಲೇ ಅಡಗುತ್ತದೆ. ಆ ದಬ್ ಎನ್ನುವ ಸದ್ದಿಗೇ ಕೈಗಾರಿಕೆ ಹಣ ಕೊಡುತ್ತಿರುವುದು. ಗ್ರಾಫೈಟ್ ಹಾಳೆಗಳು ಕಂಪನವನ್ನು ಒಳಗೇ ನುಂಗಿ ಅದನ್ನು ಶಾಖವಾಗಿಸಿಬಿಡುತ್ತವೆ. ಯಂತ್ರದ ತಳ ನಡುಗಿದರೆ ಕೊರೆಯುವ ಉಳಿ ನಡುಗುತ್ತದೆ, ಕೆಲಸದ ಮೇಲ್ಮೈ ಅಲೆಅಲೆಯಾಗುತ್ತದೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ, ಎರಡೂ ಕಾರ್ಖಾನೆಗಳ ಲೇಥ್‌ಗಳು ದೇಶದ ವರ್ಕ್‌ಶಾಪುಗಳನ್ನೆಲ್ಲ ತುಂಬಿದವು. ಆ ಲೇಥ್‌ಗಳ ತಳ ಎರಕದ ಕಬ್ಬಿಣದ್ದೇ.

ಬೂದು ಕಬ್ಬಿಣವನ್ನು ಲೇಥಿಗೆ ಕಟ್ಟಿ ತಿರುಗಿಸಿದರೆ ಉದ್ದದ ಸುರುಳಿ ಬರುವುದಿಲ್ಲ. ಗ್ರಾಫೈಟ್ ಇರುವಲ್ಲೆಲ್ಲ ತುಂಡಾಗುತ್ತ ಪುಡಿ ಉದುರುತ್ತದೆ. ಕೂಲಂಟ್ ಇಲ್ಲದೆಯೂ ಕೆಲಸ ಸಾಗುತ್ತದೆ, ಗ್ರಾಫೈಟೇ ಜಾರುಕ. ಸಂಜೆ ಟರ್ನರ್ ಕೈತೊಳೆಯುವಾಗ ನೀರು ಮಸಿಯಾಗುವುದು ಆ ಗ್ರಾಫೈಟಿನಿಂದಲೇ. ಎಂಜಿನ್ನಿನ ಸಿಲಿಂಡರ್ ಲೈನರ್‌ಗೆ ಇದೇ ಲೋಹ ಒಗ್ಗಿಬರುವುದಕ್ಕೂ ಈ ಜಾರುಗುಣ ಕಾರಣ. ಶಾಖವೂ ಗ್ರಾಫೈಟ್ ಹಾಳೆಗಳ ಮೂಲಕ ಬೇಗ ಹರಿಯುತ್ತದೆ: ಬೂದು ಕಬ್ಬಿಣದ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ 50 ವ್ಯಾಟ್‌ನ ಆಸುಪಾಸು, ಎಸ್‌ಜಿ ಕಬ್ಬಿಣದ್ದು ಅದಕ್ಕಿಂತ ಸಾಕಷ್ಟು ಕಡಿಮೆ. ಬ್ರೇಕ್ ಡಿಸ್ಕಿಗೆ ಬಲಶಾಲಿಯಾದ ಎಸ್‌ಜಿ ಬಿಟ್ಟು ದುರ್ಬಲವಾದ ಬೂದು ಕಬ್ಬಿಣವನ್ನೇ ಆರಿಸುವುದರ ಗುಟ್ಟು ಇದು.

ಈಗ ಟೈಟೇನಿಯಂ. ಇದು ಅಪರೂಪದ ಧಾತುವಲ್ಲ, ಭೂಮಿಯ ಹೊರಪದರದಲ್ಲಿ ಹೇರಳತೆಯ ಲೆಕ್ಕದಲ್ಲಿ ಒಂಬತ್ತನೆಯದು. ಕಾರ್ನ್‌ವಾಲ್‌ನ ಪಾದ್ರಿ ವಿಲಿಯಂ ಗ್ರೆಗರ್ 1791ರಲ್ಲೇ ಕಪ್ಪು ಮರಳಿನಲ್ಲಿ ಇದನ್ನು ಗುರುತಿಸಿದ್ದರು. ಆದರೂ ಶುದ್ಧ ಲೋಹ ಕೈಗೆ ಸಿಕ್ಕಿದ್ದು 1910ರಲ್ಲಿ, ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ನೂರೈವತ್ತು ವರ್ಷಗಳ ಈ ತಡಕ್ಕೆ ಒಂದೇ ಕಾರಣ: ಇದು ಆಮ್ಲಜನಕವನ್ನು ಬಿಟ್ಟುಕೊಡುವುದಿಲ್ಲ. ಕಬ್ಬಿಣದ ಅದಿರಿನ ಜೊತೆ ಇದ್ದಿಲು ಉರಿಸಿದರೆ ಕಬ್ಬಿಣ ಬಿಡುಗಡೆಯಾಗುತ್ತದೆ. ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದಲೇ. ಟೈಟೇನಿಯಂಗೆ ಆ ಉಪಾಯ ನಡೆಯದು, ಅದು ಇಂಗಾಲವನ್ನೂ ಕಚ್ಚಿಕೊಂಡು ಕಾರ್ಬೈಡ್ ಆಗಿಬಿಡುತ್ತದೆ. ಲಕ್ಸೆಂಬರ್ಗಿನ ವಿಲಿಯಂ ಕ್ರೋಲ್ ಕಂಡುಕೊಂಡ ಸುತ್ತುಬಳಸಿನ ದಾರಿಯೇ ಈಗಲೂ ರೂಢಿಯಲ್ಲಿದೆ. ಅದಿರನ್ನು ಕ್ಲೋರಿನ್ ಜೊತೆ ಸೇರಿಸಿ ದ್ರವ ಕ್ಲೋರೈಡ್ ಮಾಡಬೇಕು. ಅದನ್ನು ಆರ್ಗಾನ್ ಅನಿಲ ತುಂಬಿದ ಮುಚ್ಚಿದ ಪಾತ್ರೆಯಲ್ಲಿ ಕರಗಿದ ಮೆಗ್ನೀಸಿಯಂ ಜೊತೆ ದಿನಗಟ್ಟಲೆ ಕಾಯಿಸಬೇಕು. ಕೊನೆಗೆ ಸಿಗುವುದು ತೂತುತೂತಾದ ಸ್ಪಂಜು. ಅದನ್ನು ಕರಗಿಸಲು ಮಾಮೂಲಿ ಮೂಸೆ ಆಗದು, ಮೂಸೆಯ ಗೋಡೆಯಲ್ಲಿರುವ ಆಮ್ಲಜನಕವನ್ನೂ ಇದು ಕಿತ್ತುಕೊಳ್ಳುತ್ತದೆ. ನೀರು ಹರಿಸಿ ತಣ್ಣಗಿಟ್ಟ ತಾಮ್ರದ ಪಾತ್ರೆಯಲ್ಲಿ, ನಿರ್ವಾತದಲ್ಲಿ, ವಿದ್ಯುತ್ ಚಾಪದಿಂದ ಕರಗಿಸುತ್ತಾರೆ. ಟೈಟೇನಿಯಂ ದುಬಾರಿಯಾದದ್ದು ವಿರಳವಾದ್ದರಿಂದಲ್ಲ, ಹಠಮಾರಿಯಾದ್ದರಿಂದ.

ಆ ಹಠವೇ ಇದರ ಭಾಗ್ಯವೂ ಹೌದು. ಹೊಸದಾಗಿ ಕೊಯ್ದ ಟೈಟೇನಿಯಂ ಗಾಳಿಗೆ ತೆರೆದುಕೊಂಡ ಕ್ಷಣದಲ್ಲೇ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಗೀರಿದರೆ ಆ ಗೀರು ತಾನೇ ಮಾಯುತ್ತದೆ. ಕಬ್ಬಿಣದ ತುಕ್ಕು ಹೊಪ್ಪಳಿಕೆಯಾಗಿ ಉದುರಿ ಕೆಳಗಿನ ಲೋಹವನ್ನು ಬಯಲಿಗಿಡುತ್ತದೆ, ಈ ಪೊರೆ ಹಾಗೆ ಉದುರದೆ ಒಳಗಿನದನ್ನು ಕಾಯುತ್ತದೆ. ಸ್ವೀಡನ್ನಿನ ವೈದ್ಯ ಪೆರ್-ಇಂಗ್ವರ್ ಬ್ರೊನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಗೆ ಕೂರಿಸಿದ್ದ ಟೈಟೇನಿಯಂ ಸಾಧನವನ್ನು ಪ್ರಯೋಗ ಮುಗಿದ ಮೇಲೆ ಬಿಚ್ಚಲು ಹೋದರೆ ಅದು ಬರಲೇ ಇಲ್ಲ. ಮೂಳೆ ಅದನ್ನು ತನ್ನದೆಂದೇ ಒಪ್ಪಿಕೊಂಡಿತ್ತು. 1965ರಲ್ಲಿ ಅವರು ಮೊದಲ ರೋಗಿಯ ದವಡೆಗೆ ಟೈಟೇನಿಯಂ ಬೇರುಗಳನ್ನು ಹಾಕಿದರು. ನಲವತ್ತು ವರ್ಷಗಳಾಚೆ ಆತ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು. ಭಾರತ 6,000 ಮೀಟರ್ ಆಳಕ್ಕೆ ಮೂವರನ್ನು ಇಳಿಸಲು ಯೋಜಿಸಿರುವ ‘ಮತ್ಸ್ಯ 6000’ ಜಲಾಂತರ ವಾಹನದಲ್ಲಿ ಮನುಷ್ಯರು ಕೂರುವ ಗೋಳವೂ ಟೈಟೇನಿಯಂ ಮಿಶ್ರಲೋಹದ್ದು: ವ್ಯಾಸ 2.1 ಮೀಟರ್, ಗೋಡೆಯ ದಪ್ಪ 80 ಮಿಲಿಮೀಟರ್.

ಈ ಹಸಿವು ಆಮ್ಲಜನಕಕ್ಕೆ ಮಾತ್ರ ನಿಲ್ಲುವುದಿಲ್ಲ. ಸಾರಜನಕದಲ್ಲೂ ಹೊತ್ತಿ ಉರಿಯಬಲ್ಲ ಲೋಹ ಇದು. ಕ್ಲೋರಿನ್‌ನಿಂದ ಬಂದ ತೊಂದರೆಯನ್ನು ಲಾಕ್‌ಹೀಡ್ ಕಂಪನಿ 1960ರ ದಶಕದಲ್ಲಿ ಬ್ಲ್ಯಾಕ್‌ಬರ್ಡ್ ಬೇಹು ವಿಮಾನಗಳನ್ನು ಕಟ್ಟುವಾಗ ಕಂಡಿತು. ಆ ವಿಮಾನದ ಒಡಲಿನ ಬಹುಪಾಲು ಟೈಟೇನಿಯಂ. (ಬೇಹು ನಡೆಸಬೇಕಾಗಿದ್ದ ಸೋವಿಯತ್ ದೇಶದಿಂದಲೇ ಬೇರೆ ಹೆಸರಿನಲ್ಲಿ ಆ ಲೋಹವನ್ನು ತರಿಸಿಕೊಂಡದ್ದು ಶೀತಲ ಸಮರದ ಒಳ್ಳೆಯ ಹಾಸ್ಯ.) ಬೇಸಿಗೆಯಲ್ಲಿ ಬೆಸೆದ ತಗಡುಗಳು ಬೇಗ ಕೆಡುತ್ತಿದ್ದವು, ಚಳಿಗಾಲದಲ್ಲಿ ಬೆಸೆದವು ಬಾಳುತ್ತಿದ್ದವು. ಬೆನ್ನುಹತ್ತಿ ನೋಡಿದರೆ, ಕಾರ್ಖಾನೆಯಿದ್ದ ಬರ್ಬ್ಯಾಂಕ್ ಊರಿನ ನೀರಿಗೆ ಪಾಚಿ ಕಟ್ಟದಿರಲೆಂದು ಬೇಸಿಗೆಯಲ್ಲಿ ಕ್ಲೋರಿನ್ ಹೆಚ್ಚು ಹಾಕುತ್ತಿದ್ದರು. ತಗಡು ತೊಳೆಯುತ್ತಿದ್ದದ್ದು ಆ ನೀರಿನಲ್ಲಿ. ಕ್ಯಾಡ್ಮಿಯಂ ಲೇಪಿಸಿದ ಸ್ಪ್ಯಾನರ್ ತಾಗಿದ ಬೋಲ್ಟುಗಳ ತಲೆ ಬಿಸಿಗೆ ಉದುರಿಬೀಳುತ್ತಿತ್ತು. ಕಾರ್ಖಾನೆಯ ಉಪಕರಣ ಪೆಟ್ಟಿಗೆಗಳನ್ನೆಲ್ಲ ಜಾಲಾಡಿ ಅಂಥ ಸ್ಪ್ಯಾನರ್‌ಗಳನ್ನು ಹೊರಹಾಕಬೇಕಾಯಿತು.

ಡೀ ಸೇತುವೆಗೆ ಸರಿಗಟ್ಟುವ ಟೈಟೇನಿಯಂ ದುರಂತ ನಡೆದದ್ದು 1989ರ ಜುಲೈ 19ರಂದು. ಡೆನ್ವರ್‌ನಿಂದ ಶಿಕಾಗೋಗೆ ಹೊರಟಿದ್ದ ಡಿಸಿ-10 ವಿಮಾನದ ಬಾಲದ ಎಂಜಿನ್ನಿನಲ್ಲಿ ಟೈಟೇನಿಯಂ ಫ್ಯಾನ್ ಡಿಸ್ಕ್ ಸಿಡಿದು, ಚೂರುಗಳು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಕತ್ತರಿಸಿಹಾಕಿದವು. ಚುಕ್ಕಾಣಿಯೇ ಇಲ್ಲದ ವಿಮಾನವನ್ನು ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ಸಂಗಡಿಗರು ಉಳಿದೆರಡು ಎಂಜಿನ್‌ಗಳ ವೇಗವನ್ನು ಏರಿಸಿ ಇಳಿಸಿಯೇ ಸೂ ಸಿಟಿಗೆ ತಂದರು. 296 ಮಂದಿಯಲ್ಲಿ 184 ಮಂದಿ ಬದುಕಿದರು, 112 ಮಂದಿ ಬದುಕಲಿಲ್ಲ. ಡಿಸ್ಕಿನ ತುಂಡುಗಳು ಸಿಕ್ಕಿದ್ದು ತಿಂಗಳುಗಳ ಮೇಲೆ, ಅಯೋವಾದ ಜೋಳದ ಹೊಲಗಳಲ್ಲಿ. ಸುಮಾರು 18 ವರ್ಷ ಹಿಂದೆ ಆ ಲೋಹವನ್ನು ಕರಗಿಸುವಾಗ ಎಲ್ಲೋ ಒಂದು ಕಡೆ ಸಾರಜನಕ ಹೊಕ್ಕು ಒಂದು ಪುಟ್ಟ ಗಡಸು ಚುಕ್ಕೆ ಉಂಟಾಗಿತ್ತು. ಅಲ್ಲಿ ಹುಟ್ಟಿದ ಬಿರುಕು ಒಂದೊಂದು ಹಾರಾಟಕ್ಕೂ ಇಷ್ಟಿಷ್ಟೇ ಬೆಳೆಯಿತು, ಹದಿನೈದು ಸಾವಿರಕ್ಕೂ ಹೆಚ್ಚು ಹಾರಾಟಗಳವರೆಗೆ. ತಪಾಸಣೆಯಲ್ಲೂ ಅದು ಕಣ್ಣಿಗೆ ಬೀಳಲಿಲ್ಲ.

ಎರಡು ದುರಂತಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಗುಣಪಟ್ಟಿ ಹೇಳದ ವ್ಯತ್ಯಾಸವೊಂದು ಕಾಣುತ್ತದೆ. ಎರಕದ ಕಬ್ಬಿಣದಲ್ಲಿ ಬಿರುಕು ಎಲ್ಲೆಡೆ ಇದೆ ಎಂದು ಮೊದಲೇ ಗೊತ್ತು. ಆದ್ದರಿಂದ ವಿನ್ಯಾಸಕಾರ ಎಳೆತ ಬೀಳದ ಹಾಗೆ ಆಕಾರ ಕೊಟ್ಟು, ದಪ್ಪ ಹೆಚ್ಚಿಸಿ ಬಚಾವಾಗಬಹುದು. ಟೈಟೇನಿಯಂನಲ್ಲಿ ದೋಷ ಲಕ್ಷಕ್ಕೊಂದು ಕಡೆ ಮಾತ್ರ. ಹಾಗಾಗಿ ಅಲ್ಲಿ ಆಕಾರಕ್ಕಿಂತ ಶುದ್ಧಿಯ ಮೇಲೆಯೇ ಜೀವ ನಿಂತಿದೆ. ಎಂಜಿನ್ನಿನ ತಿರುಗುವ ಭಾಗಗಳ ಟೈಟೇನಿಯಂ ಅನ್ನು ಎರಡರ ಬದಲು ಮೂರು ಸಲ ನಿರ್ವಾತದಲ್ಲಿ ಕರಗಿಸುವ ಪದ್ಧತಿ ನೆಲೆಯೂರಿದ್ದು ಇದಕ್ಕಾಗಿ.

ಬಾಗದೆ ನಿಲ್ಲುವ ಬಿಗಿತದ ಲೆಕ್ಕ ಇನ್ನೂ ಸೋಜಿಗದ್ದು. ಉಕ್ಕಿನ ಬಿಗಿತ 200 ಗಿಗಾಪ್ಯಾಸ್ಕಲ್ ಆದರೆ ಸಿಕ್ಸ್ ಫೋರ್‌ನದು 114. ಬೂದು ಕಬ್ಬಿಣದ ಸಾಧಾರಣ ದರ್ಜೆಗಳದ್ದೂ ಹತ್ತಿರಹತ್ತಿರ ಅಷ್ಟೇ. ಬಲದಲ್ಲಿ ಮೂರೂವರೆ ಪಟ್ಟು ಮುಂದಿದ್ದವ ಇಲ್ಲಿ ಸರಿಸಮ. ಮೂಳೆಗೆ ಕೂರಿಸಲು ಈ ಸಡಿಲ ಒಳ್ಳೆಯದು, ಏಕೆಂದರೆ ಮೂಳೆಯ ಬಿಗಿತ 20ರೊಳಗೆ. ತೀರಾ ಬಿಗಿಯಾದ ಲೋಹ ಭಾರವೆಲ್ಲ ತಾನೇ ಹೊತ್ತು ಪಕ್ಕದ ಮೂಳೆಯನ್ನು ಸೊರಗಿಸುತ್ತದೆ. ಲೇಥಿನ ಮೇಲೆ ಅದೇ ಸಡಿಲ ತಲೆನೋವು. ಉಳಿ ಒತ್ತಿದರೆ ಟೈಟೇನಿಯಂ ಬಾಗಿ ಹಿಂದೆ ಸರಿಯುತ್ತದೆ, ಬಿಟ್ಟರೆ ಮುಂದೆ ಬರುತ್ತದೆ. ಶಾಖವಾಹಕತೆಯೋ 7 ವ್ಯಾಟ್‌ಗಿಂತ ಕಡಿಮೆ, ಬೂದು ಕಬ್ಬಿಣದ ಏಳನೇ ಒಂದು ಪಾಲು. ಕೊಯ್ಯುವಾಗ ಹುಟ್ಟಿದ ಬಿಸಿ ಲೋಹಕ್ಕೆ ಇಳಿಯದೆ ಉಳಿಯ ಮೊನೆಯಲ್ಲೇ ಕೂತು ಅದನ್ನು ತಿಂದುಹಾಕುತ್ತದೆ. ಸಣ್ಣ ಚೂರುಗಳಿಗೆ ಕಿಡಿ ತಾಗಿದರೆ ಬೆಂಕಿ, ಅದಕ್ಕೆ ನೀರು ಹಾಕುವಂತಿಲ್ಲ. ಇಂಥ ಲೋಹವನ್ನು ಕೊಯ್ಯಲು ನಡುಗದ, ಭಾರವಾದ ತಳವಿರುವ ಯಂತ್ರವೇ ಬೇಕು. ವಿಮಾನದ ಟೈಟೇನಿಯಂ ಭಾಗ ರೂಪುಗೊಳ್ಳುವುದೂ ಹೆಚ್ಚಾಗಿ ಎರಕದ ಕಬ್ಬಿಣದ ಬೆನ್ನ ಮೇಲೆಯೇ.

ಬ್ರೇಕ್ ಡಿಸ್ಕಿನ ಪ್ರಶ್ನೆಗೆ ಉತ್ತರವೂ ಇಷ್ಟರಲ್ಲೇ ಇದೆ. ಡಿಸ್ಕಿನ ಕೆಲಸ ಓಟದ ಶಕ್ತಿಯನ್ನು ಬಿಸಿಯಾಗಿ ಹೀರಿ ಗಾಳಿಗೆ ಬಿಡುವುದು. ಟೈಟೇನಿಯಂ ಅದನ್ನು ಮೇಲ್ಮೈಯಲ್ಲೇ ಇಟ್ಟುಕೊಳ್ಳುತ್ತದೆ, ಉಜ್ಜಿದರೆ ಅಂಟಿಕೊಂಡು ಕಿತ್ತುಬರುತ್ತದೆ. ಆದರೆ ಅದೇ ಬ್ರೇಕಿನ ಕ್ಯಾಲಿಪರ್‌ನೊಳಗಿನ ಪಿಸ್ಟನ್‌ಗೆ ರೇಸಿಂಗ್ ತಂಡಗಳು ಟೈಟೇನಿಯಂ ಹಾಕುತ್ತವೆ. ಅಲ್ಲಿ ಬಿಸಿ ದಾಟಬಾರದು, ದಾಟಿದರೆ ಬ್ರೇಕ್ ಎಣ್ಣೆ ಕುದಿಯುತ್ತದೆ.

ಕರ್ನಾಟಕದಲ್ಲಿ ಈ ಎರಡು ಲೋಹಗಳ ಲೋಕವೂ ಒಂದೇ ಜಿಲ್ಲೆಯಲ್ಲಿದೆ. ಬೆಳಗಾವಿಯ ಉದ್ಯಮಬಾಗ, ಮಚ್ಛೆಯ ಕಡೆಯ ಫೌಂಡ್ರಿಗಳು ದೇಶದ ವಾಹನ, ಪಂಪು, ಹೈಡ್ರಾಲಿಕ್ ಉದ್ಯಮಗಳಿಗೆ ಎರಕ ಒದಗಿಸುತ್ತವೆ. ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ವಿಶೇಷ ವಲಯವಿದೆ. ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಗುಣಪಟ್ಟಿ ಬಾಯಿಪಾಠ ಮಾಡಿಸುವ ಮೊದಲು ಒಂದು ದಿನ ಫೌಂಡ್ರಿಗೆ ಕರೆದೊಯ್ಯಲಿ. ಒಂದು ಬೂದು ಎರಕವನ್ನೂ ಒಂದು ಎಸ್‌ಜಿ ಎರಕವನ್ನೂ ಅವರ ಕೈಯಿಂದಲೇ ಹೊಡೆಸಿ, ಸದ್ದು ಕೇಳಿಸಿ, ಮುರಿಸಿ, ಮುರಿದ ಮೈಯನ್ನು ತೋರಿಸಲಿ. ಫೌಂಡ್ರಿ ಮಾಲೀಕರೂ ತಿಂಗಳಿಗೊಂದು ದಿನ ಅದಕ್ಕಾಗಿ ಗೇಟು ತೆರೆದಿಡಲಿ.